ಮರೆತ ಫ್ರೆಂಚ್ ಮರಳಿ ಬಂದೀತೆ?

ಪ್ರಶ್ನೆ: ಕಾಲೇಜಿನಲ್ಲಿ ಕಲಿತ ಫ್ರೆಂಚ್ ಮರೆತೇಹೋಗಿದೆ. ಐವತ್ತರಲ್ಲಿ ಮತ್ತೆ ಕಲಿಯಬಹುದೆ? (ಮಾನ್ವಿಯ ಓದುಗರು)

ಉತ್ತರ: ಖಂಡಿತ. ಒಮ್ಮೆ ಕಲಿತದ್ದನ್ನು ಮತ್ತೆ ಕಲಿಯಲು ಕಡಿಮೆ ಸಮಯ ಸಾಕೆಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಶಾಲೆಯಲ್ಲಿ ಸ್ಪ್ಯಾನಿಷ್ ಕಲಿತವರನ್ನು ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಬಾಹ್ರಿಕ್ ಪರೀಕ್ಷಿಸಿ 1984ರಲ್ಲಿ ಪ್ರಕಟಿಸಿದ ಫಲಿತಾಂಶ ಇನ್ನೂ ಧೈರ್ಯ ಕೊಡುತ್ತದೆ: ಮೊದಲ ಕೆಲವು ವರ್ಷ ಮರೆವು ಜೋರು, ಆಮೇಲೆ ಉಳಿದದ್ದು ದಶಕಗಳವರೆಗೆ ಕದಲದು.

ನಿಮ್ಮ ಸೀಮೆಯೇ ನಿಮಗೆ ಬಲ. ರಾಯಚೂರು, ದೇವದುರ್ಗ, ಮಾನ್ವಿಯ ಪೇಟೆಗಳಲ್ಲಿ ಕನ್ನಡ, ತೆಲುಗು, ಉರ್ದು ಒಟ್ಟಿಗೇ ಕಿವಿಗೆ ಬೀಳುತ್ತವೆ. ಫ್ರೆಂಚಿನ 'ತ್ಯು', 'ವು' ನಮ್ಮ ನೀನು, ನೀವು. ಕನ್ನಡಿಗರನ್ನು ಕಾಡುವುದು ನಿರ್ಜೀವ ವಸ್ತುಗಳ ಲಿಂಗ. ಆದರೆ ಉರ್ದು ಬಲ್ಲವರಿಗೆ ಅದೂ ಹೊಸದಲ್ಲ. ಕುರ್ಚಿ ಎರಡರಲ್ಲೂ ಸ್ತ್ರೀಲಿಂಗ! ಹಳೆಯ ಪಠ್ಯಪುಸ್ತಕ ತೆರೆದು, ಇಂದೇ ಒಂದು ಪುಟ ಗಟ್ಟಿಯಾಗಿ ಓದಿ.