ದೇವರ ಹೆಸರು ಹುಟ್ಟಿದ ಬಗೆ



ಹೊಸಹಳ್ಳಿಯ ಭಕ್ತರ ಮನೆಯೊಂದರಲ್ಲಿ ಪಾದಪೂಜೆ ಮುಗಿದ ಬಳಿಕ, ಆ ಮನೆಯ ಹಿರಿಯ ತಾಯಿಯೊಬ್ಬರು ನಮ್ಮ ಮುಂದೆ ಒಂದು ಸಂಶಯವನ್ನಿಟ್ಟರು. “ಬುದ್ಧೀ, ದೇವರು ಒಬ್ಬನೇ ಎಂದು ತಾವು ಅಪ್ಪಣೆ ಕೊಡಿಸುತ್ತೀರಿ. ಬಸವಣ್ಣನವರು ಕೂಡಲಸಂಗಮದೇವ ಎಂದರು, ಅಕ್ಕ ಚೆನ್ನಮಲ್ಲಿಕಾರ್ಜುನ ಎಂದಳು, ಸಿದ್ಧರಾಮರು ಕಪಿಲಸಿದ್ಧಮಲ್ಲಿಕಾರ್ಜುನ ಎಂದರು. ಇವೆಲ್ಲ ಒಂದೊಂದು ಊರಿನ ಗುಡಿಯ ದೇವರ ಹೆಸರುಗಳಲ್ಲವೆ? ಎದೆಯ ಮೇಲೆ ಇಷ್ಟಲಿಂಗ ಇರುವಾಗ ನಾನು ಯಾವ ಹೆಸರು ಹಿಡಿದು ಕರೆಯಲಿ?” ಎಂದರು. ಪ್ರಶ್ನೆ ಚಿಕ್ಕದಲ್ಲ. ಈ ಹೆಸರಿನ ವಿಷಯವಾಗಿಯೇ ನಮ್ಮ ಸಮಾಜ ನ್ಯಾಯಾಲಯದ ಮೆಟ್ಟಿಲೇರಿದ್ದುಂಟು.

ಆ ತಾಯಿಗೆ ನಾವು ಮೊದಲು ಅವರ ಊರಿನ ಹೆಸರನ್ನೇ ತೋರಿಸಿದೆವು. ಹೊಸಹಳ್ಳಿ ಎಂದರೆ ಯಾವುದೋ ಕಾಲದಲ್ಲಿ ಹೊಸದಾಗಿ ನೆಲಸಿದ ಹಳ್ಳಿ. ಇಂದು ಅದು ಹೊಸದೂ ಅಲ್ಲ, ಹಳ್ಳಿಯೂ ಅಲ್ಲ. ಬೆಂಗಳೂರಿನೊಳಗೆ ಸೇರಿಹೋಗಿ ಮೆಟ್ರೊ ರೈಲು ನಿಲ್ಲುವ ಜಾಗವಾಗಿದೆ. ಆದರೂ ಹೆಸರು ಹೇಳಿದರೆ ಸಾಕು, ನೀವು ನಿಮ್ಮ ಮನೆ ಸೇರುತ್ತೀರಿ. ಹುಟ್ಟಿದಾಗಿನ ಅರ್ಥ ಹಿಂದೆ ಉಳಿಯುತ್ತದೆ, ಹೆಸರು ಮುಂದೆ ನಡೆಯುತ್ತದೆ.

‘ಶಿವ’ ಎಂಬ ಶಬ್ದವೂ ಹೀಗೆಯೇ ನಡೆದು ಬಂದಿದೆ. ಋಗ್ವೇದದಲ್ಲಿ ಅದು ಒಬ್ಬ ದೇವರ ಹೆಸರಲ್ಲ. ಮಂಗಳಕರ, ಹಿತಕರ ಎಂದು ಗುಣವನ್ನು ಹೇಳುವ ಮಾತು. ರುದ್ರನಿಗೂ ಅದನ್ನು ಹೇಳಿದ್ದಾರೆ, ಅಗ್ನಿ, ಇಂದ್ರರಿಗೂ ಹೇಳಿದ್ದಾರೆ. ಯಜುರ್ವೇದದ ಶತರುದ್ರೀಯದಲ್ಲಿ, ಉಗ್ರನಾದ ರುದ್ರನನ್ನು ಸೌಮ್ಯನಾಗೆಂದು ಬೇಡಿಕೊಳ್ಳುವಾಗ ಈ ಮಾತು ಮತ್ತೆ ಮತ್ತೆ ಬರುತ್ತದೆ. ಮುಂದೆ ಕ್ರಿಸ್ತಶಕಕ್ಕೆ ಮೊದಲಿನ ಶ್ವೇತಾಶ್ವತರ ಉಪನಿಷತ್ತಿನಲ್ಲಿ ಜಗತ್ತಿನ ಒಡೆಯನು ಒಬ್ಬನೇ ಎಂಬ ನಿಲುವು ಗಟ್ಟಿಯಾಗುತ್ತದೆ. ಅಲ್ಲಿಯೇ ‘ಶಿವ’ ಎಂಬುದು ಆ ಒಬ್ಬನ ಹೆಸರಾಗತೊಡಗುತ್ತದೆ. ಅನೇಕರಿಗೆ ಸಲ್ಲುತ್ತಿದ್ದ ವಿಶೇಷಣವು ಒಬ್ಬನ ನಾಮವಾಯಿತು. ಬೇರೆ ನಾಡಿನಲ್ಲಿಯೂ ಹೀಗೆಯೇ ಆಗಿದೆ. ಅರಬ್ಬೀ ಭಾಷೆಯ ‘ಅಲ್ಲಾಹ್’ ಎಂಬುದು ‘ಆ ದೇವರು’ ಎಂಬ ಸಾಮಾನ್ಯ ಮಾತಿನಿಂದ ಬಂದುದೆಂದು ಭಾಷಾಶಾಸ್ತ್ರ ಬಲ್ಲವರಲ್ಲಿ ಹೆಚ್ಚಿನವರು ಹೇಳುತ್ತಾರೆ. ಆ ಭಾಷೆಯನ್ನಾಡುವ ಕ್ರೈಸ್ತರು ಕೂಡ ದೇವರನ್ನು ಅದೇ ಮಾತಿನಿಂದ ಕರೆಯುತ್ತಾರೆ.

ಹೆಸರನ್ನು ಬಲದಿಂದ ನಿಲ್ಲಿಸಹೋದ ಉದಾಹರಣೆಯೂ ಉಂಟು. ಕ್ರಿಸ್ತಪೂರ್ವ 14ನೆಯ ಶತಮಾನದಲ್ಲಿ ಈಜಿಪ್ಟಿನ ಅರಸ ಅಖೆನಾತನ್ ಎಂಬುವನು ಸೂರ್ಯಬಿಂಬವನ್ನು ‘ಆತನ್’ ಎಂದು ಕರೆದು, ಅದನ್ನೇ ಪೂಜಿಸಬೇಕೆಂದು ಕಟ್ಟು ಮಾಡಿದ. ಅಮುನ್ ಎಂಬ ದೇವರ ಹೆಸರನ್ನು ಕಲ್ಲುಗಳಿಂದ ಕೆತ್ತಿ ತೆಗೆಸಿದ. ಅವನು ಸತ್ತ ಮೇಲೆ ಹಳೆಯ ಪೂಜೆಗಳೇ ಮರಳಿದವು. ಮುಂದೆ ಬಂದವರು ಅವನ ಹೆಸರನ್ನೇ ಅಳಿಸಿದರು. ಅಪ್ಪಣೆಯಿಂದ ಬಂದ ಹೆಸರು ಅಪ್ಪಣೆಯೊಡನೆಯೇ ಹೋಯಿತು.

ನಮ್ಮ ಶರಣರ ದಾರಿ ಬೇರೆ. ಅವರು ಏಕದೇವನಿಷ್ಠೆಯನ್ನು ಸಾರಿದರು, ಆದರೆ ಎಲ್ಲರ ಬಾಯಿಗೂ ಒಂದೇ ಹೆಸರನ್ನು ಹೇರಲಿಲ್ಲ. ನೇಕಾರ ದಾಸಿಮಯ್ಯನವರು ರಾಮನಾಥ ಎಂದರು, ಆಯ್ದಕ್ಕಿ ಮಾರಯ್ಯನವರು ಅಮರೇಶ್ವರಲಿಂಗ ಎಂದರು. ಹೀಗೆ ಬೇರೆ ಬೇರೆ ಹೆಸರನ್ನು ಹಿಡಿದು ಒಬ್ಬನನ್ನೇ ಕರೆದರು.

ಬಸವಣ್ಣನವರ ಅಂಕಿತವನ್ನು ಬಿಡಿಸಿ ನೋಡಿರಿ. ‘ಕೂಡಲ್’ ಎಂಬುದು ಅಚ್ಚಕನ್ನಡ. ನೀರು ನೀರನ್ನು ಕೂಡುವ ಸ್ಥಳ. ತುಂಗೆ ಭದ್ರೆಗಳು ಸೇರುವ ಶಿವಮೊಗ್ಗೆ ಸೀಮೆಯ ಕೂಡಲಿಯ ಹೆಸರೂ ಇದೇ. ‘ಸಂಗಮ’ ಎಂಬುದು ಅದೇ ಅರ್ಥದ ಸಂಸ್ಕೃತ. ಕೃಷ್ಣೆ ಮಲಪ್ರಭೆಗಳು ಕೂಡುವಂತೆ ಆ ಹೆಸರಿನಲ್ಲಿ ಎರಡು ಭಾಷೆಗಳೇ ಕೂಡಿವೆ. ಅಲ್ಲಿಯ ಸಂಗಮೇಶ್ವರನ ಸನ್ನಿಧಿಯಲ್ಲಿ ಬಾಲಕ ಬಸವರಸರು ವಿದ್ಯೆ ಕಲಿತರು. ಕಡೆಗೆ ಐಕ್ಯರಾದದ್ದೂ ಅಲ್ಲಿಯೇ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಏರಿದ ಮೇಲೆ ಐಕ್ಯಮಂಟಪವನ್ನು ಸುತ್ತುಗೋಡೆ ಕಟ್ಟಿ ಉಳಿಸಿದ್ದಾರೆ. ಭಕ್ತರು ಬಾವಿಗಿಳಿಯುವಂತೆ ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. ದಡ ಬದಲಾಯಿತು, ಹೆಸರು ಬದಲಾಗಲಿಲ್ಲ.

ಈ ಅಂಕಿತವು ಸ್ಥಾವರ ದೇವರನ್ನು ನೆನಪಿಸುತ್ತದೆಂಬ ಅಳುಕು ಕೆಲವರಲ್ಲಿದೆ. ಮಾತೆ ಮಹಾದೇವಿಯವರು ತಮ್ಮ ‘ಬಸವ ವಚನದೀಪ್ತಿ’ಯಲ್ಲಿ ಅದರ ಬದಲಿಗೆ ‘ಲಿಂಗದೇವ’ ಎಂದು ಬಳಸಿದರು. ಕರ್ನಾಟಕ ಸರ್ಕಾರವು 1998ರಲ್ಲಿ ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ತೀರ್ಪು ನ್ಯಾಯಾಲಯದ ಮಾತು. ನಮ್ಮ ಮಾತು ಇಷ್ಟೇ. ‘ಲಿಂಗದೇವ’ ಎಂದು ಕರೆಯುವುದರಲ್ಲಿ ದೋಷವಿಲ್ಲ, ಆದರೆ ಅದನ್ನು ಬಸವಣ್ಣನವರ ಬಾಯಲ್ಲಿ ಇಡಲಾಗದು. ಸಿದ್ಧರಾಮರನ್ನು ನೋಡಿರಿ. ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಗುಡಿ ಕಟ್ಟಿಸಿ ಕೆರೆ ತೋಡಿಸಿದ ಆ ಮಹಾನುಭಾವರು ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನವರಿಂದ ಇಷ್ಟಲಿಂಗ ಪಡೆದರೆಂದು ಶರಣಚರಿತ್ರೆ ಹೇಳುತ್ತದೆ. ಆಮೇಲೂ ಅವರು ಅಂಕಿತವನ್ನು ಬದಲಿಸಲಿಲ್ಲ. ಹೆಸರು ಹಳೆಯದೇ, ಕರೆದ ಮನಸ್ಸು ಹೊಸದು. ಗುಡಿಯಿಂದ ಅಂಗೈಗೆ ಬಂದ ಆ ದಾರಿಯ ಹೆಜ್ಜೆಗುರುತು ಅಂಕಿತದಲ್ಲಿಯೇ ಉಳಿದಿದೆ. ಅದನ್ನು ಅಳಿಸಿದರೆ ನಡೆದುಬಂದವರ ಶ್ರಮವನ್ನೇ ಅಳಿಸಿದಂತೆ.

ಆ ತಾಯಿಗೆ ನಾವು ಹೇಳಿದ್ದು ಇಷ್ಟು: “ತಾಯೀ, ನಿಮ್ಮ ಅವ್ವ ನಿಮಗೆ ಕಲಿಸಿದ ಹೆಸರು ಯಾವುದೋ ಅದನ್ನೇ ಹಿಡಿಯಿರಿ. ಆದರೆ ನೆರೆಮನೆಯವರು ಬೇರೆ ಹೆಸರಿನಿಂದ ಕರೆದರೆ ಅವರ ದೇವರು ಬೇರೆ ಎನ್ನಬೇಡಿರಿ. ಹಾಗೆ ಅಂದ ಕ್ಷಣವೇ ನಿಮ್ಮ ದೇವರು ಒಬ್ಬನಾಗಿ ಉಳಿಯುವುದಿಲ್ಲ, ಇಬ್ಬರಲ್ಲಿ ಒಬ್ಬನಾಗುತ್ತಾನೆ.” ಅವರು ಕಣ್ಣು ಮುಚ್ಚಿ, ಅಂಗೈಯ ಲಿಂಗವನ್ನು ಹಣೆಗೊತ್ತಿಕೊಂಡರು. ಯಾವ ಹೆಸರು ಹೇಳಿದರೋ ನಮಗೆ ಕೇಳಿಸಲಿಲ್ಲ, ಕೇಳಿಸಬೇಕಾದವನಿಗೆ ಕೇಳಿಸಿರುತ್ತದೆ.