ಕಿವಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ

ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದ ಯಜಮಾನರಿಗೆ “ಬೇಳೆ ಡಬ್ಬ ಕೊಡಿ” ಎಂದರೆ ಬಾಳೆಹಣ್ಣು ಎತ್ತಿ ಕೊಡುತ್ತಾರೆ ಎನ್ನಿ. “ಕಿವಿ ಮಂದವಾಯ್ತೇನೋ” ಅನ್ನುತ್ತಾರೆ ಅತ್ತೆ. “ತಲೆ ಕೆಟ್ಟಿದೆ” ಅಂತ ನೆಂಟರ ಪಿಸುಮಾತು. ಎರಡೂ ಅಲ್ಲದಿರಬಹುದು. ಮೆದುಳಿನಲ್ಲಿ ಮಾತಿಗೆ ಸಂಬಂಧಿಸಿದ ಭಾಗಕ್ಕೆ (ಹೆಚ್ಚಿನವರಲ್ಲಿ ಅದು ಎಡಗಡೆ) ಪೆಟ್ಟಾದರೆ ಬರುವ ಈ ತೊಂದರೆಗೆ ಅಫೇಸಿಯಾ ಎಂದು ಹೆಸರು. 1874ರಲ್ಲೇ ಜರ್ಮನಿಯ ವೈದ್ಯ ಕಾರ್ಲ್ ವೆರ್ನಿಕೆ ಇದರ ಒಂದು ಬಗೆಯನ್ನು ವರ್ಣಿಸಿದ್ದರು: ರೋಗಿ ಧಾರಾಳವಾಗಿ ಮಾತಾಡುತ್ತಾನೆ, ಆದರೆ ಎದುರಿನವರು ಆಡಿದ್ದು ಅವನಿಗೆ ತಿಳಿಯುವುದಿಲ್ಲ.

ತಾಳಿ, ದಾಳಿ ಎಂದು ಒಮ್ಮೆ ಹೇಳಿಕೊಳ್ಳಿ. ನಾಲಿಗೆ ಹಲ್ಲಿಗೆ ತಾಗುವ ಜಾಗ ಒಂದೇ. ‘ದ’ ಅನ್ನುವಾಗ ಗಂಟಲು ಮೊದಲಿನಿಂದಲೇ ನಡುಗುತ್ತದೆ, ಅಷ್ಟೇ ವ್ಯತ್ಯಾಸ. ಈ ಸೂಕ್ಷ್ಮ ಹಿಡಿಯಲಾಗದ್ದೇ ತೊಂದರೆಯ ಮೂಲ ಎಂದು ತಜ್ಞರು ಬಹುಕಾಲ ನಂಬಿದ್ದರು. ಆದರೆ 1977ರಲ್ಲಿ ಅಮೆರಿಕದ ಶೀಲಾ ಬ್ಲೂಮ್‌ಸ್ಟೀನ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ, ಶಬ್ದಗಳ ಭೇದ ಗುರುತಿಸುವುದಕ್ಕೂ ಮಾತು ಅರ್ಥವಾಗುವುದಕ್ಕೂ ನೇರ ಹೊಂದಿಕೆ ಕಾಣಲಿಲ್ಲ.

1988ರ ಇನ್ನೊಂದು ಪರೀಕ್ಷೆ ಬಲು ಸ್ವಾರಸ್ಯದ್ದು. ‘ಕ್ಯಾಟ್’ ಎಂದು ಕೇಳಿಸಿ ಒಡನೆ ‘ಡಾಗ್’ ಎಂದರೆ ನಾವು ಅದನ್ನು ಬೇಗ ಗುರುತಿಸುತ್ತೇವೆ. ಬೆಕ್ಕಿನ ಹಿಂದೆ ನಾಯಿ ನೆನಪಾಗುವುದು ಸಹಜ. ‘ಗ್ಯಾಟ್’, ‘ವ್ಯಾಟ್’ ಎಂದು ಶಬ್ದ ಕೆಡಿಸುತ್ತ ಹೋದಂತೆ ಆ ಚುರುಕು ತಗ್ಗುತ್ತದೆ. ಧಾರಾಳವಾಗಿ ಮಾತಾಡುವ ರೋಗಿಗಳಿಗೆ ಮಾತ್ರ ಶಬ್ದ ಎಷ್ಟು ಕೆಟ್ಟರೂ ಬೆಕ್ಕೇ ಹೊಳೆಯಿತು. ತಡವರಿಸಿ ಮಾತಾಡುವವರಿಗೆ ಶಬ್ದ ಪೂರಾ ಸರಿಯಿದ್ದರೆ ಮಾತ್ರ. ಅಂದರೆ ಒಬ್ಬರಿಗೆ ಪದದ ಬಾಗಿಲು ಸುಲಭವಾಗಿ ತೆರೆದುಕೊಳ್ಳುತ್ತದೆ, ಇನ್ನೊಬ್ಬರಿಗೆ ಬಿಗಿಯಾಗಿ ಮುಚ್ಚಿರುತ್ತದೆ. ಎಲ್ಲ ರೋಗಿಗಳಿಗೂ ಒಂದೇ ಮದ್ದು ಹೇಳುವ ನೆರೆಹೊರೆಯವರಿಗೆ ಇದನ್ನು ತಿಳಿಸಬೇಕು!

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಕೂಗಬೇಡಿ, ಎಷ್ಟು ಜೋರಾಗಿ ಹೇಳಿದರೂ ಬೇಳೆ ಬೇಳೆಯೇ. ಟೀವಿ ಆರಿಸಿ, ಎದುರಿಗೆ ಕೂತು, ತುಟಿ ಕಾಣುವಂತೆ ನಿಧಾನವಾಗಿ ಒಂದೇ ವಿಷಯ ಹೇಳಿ. ಡಬ್ಬ ಎತ್ತಿ ತೋರಿಸಿ, “ಸಾರಿಗೆ ಹಾಕೋ ಬೇಳೆ” ಅನ್ನಿ. ಬಿಡಿ ಪದಕ್ಕಿಂತ ಸಂದರ್ಭ ಸಹಿತ ಮಾತು ಬೇಗ ನಾಟುತ್ತದೆ. ತಿಳಿಯದಿದ್ದರೆ ಅದನ್ನೇ ಹತ್ತು ಸಲ ಹೇಳದೆ ಮಾತು ಬದಲಿಸಿ. ಅವರ ಮುಂದೆಯೇ “ಇವರಿಗೇನೂ ಗೊತ್ತಾಗಲ್ಲ” ಅನ್ನಬೇಡಿ, ಗೊತ್ತಾಗುವುದು ಬಹಳವಿರುತ್ತದೆ.

ಮಾತಿನ ತರಬೇತಿ ಆದಷ್ಟು ಬೇಗ ಶುರುವಾಗಲಿ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ತಜ್ಞರಿದ್ದಾರೆ. ಇನ್ನು, ನೆಟ್ಟಗಿದ್ದವರಿಗೆ ಇದ್ದಕ್ಕಿದ್ದಂತೆ ಮಾತು ತಿಳಿಯದಾದರೆ, ತೊದಲಿದರೆ, ಬೆಳಗಾಗಲಿ ಎಂದು ಕಾಯದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.