ಪಾಂಡಿಚೇರಿಗೇಕೆ ಎರಡು ದಿನಾಂಕ?

ಪಾಂಡಿಚೇರಿ ಭಾರತಕ್ಕೆ ಸೇರಿದ್ದು ಯಾವಾಗ? ಕ್ವಿಜ್ ಸ್ಪರ್ಧೆಗಳಲ್ಲಿ ಈ ಪ್ರಶ್ನೆ ಬಂದರೆ ಜಗಳ ಗ್ಯಾರಂಟಿ. ಒಬ್ಬ ವಿದ್ಯಾರ್ಥಿ 1954ರ ನವೆಂಬರ್ 1 ಎನ್ನುತ್ತಾನೆ. ಇನ್ನೊಬ್ಬಳು 1962ರ ಆಗಸ್ಟ್ 16 ಎನ್ನುತ್ತಾಳೆ. ಇಬ್ಬರ ಕೈಯಲ್ಲೂ ಪುಸ್ತಕವಿರುತ್ತದೆ, ಇಬ್ಬರ ಪುಸ್ತಕವೂ ಸರಿಯಾಗಿಯೇ ಇರುತ್ತದೆ. ತಪ್ಪಿರುವುದು ಪ್ರಶ್ನೆಯಲ್ಲಿ. 'ಸೇರಿದ್ದು' ಎಂದರೆ ಏನು ಎಂದು ಪ್ರಶ್ನೆ ಕೇಳಿದವರು ಮೊದಲು ಹೇಳಬೇಕಿತ್ತು.

ಹೊಲವೊಂದನ್ನು ಕೊಂಡವರಿಗೆ ಈ ಸಂಗತಿ ಬೇಗ ಅರ್ಥವಾಗುತ್ತದೆ. ಕರಾರು ಬರೆದು, ಸ್ವಾಧೀನ ಬಿಟ್ಟುಕೊಟ್ಟು, ನೀವು ಉತ್ತು ಬಿತ್ತಿ ಬೆಳೆ ತೆಗೆಯುತ್ತಿರುತ್ತೀರಿ. ಆದರೆ ರಿಜಿಸ್ಟ್ರಿ ಆಗಿರುವುದಿಲ್ಲ, ಖಾತೆ ಇನ್ನೂ ಹಳೆಯ ಒಡೆಯನ ಹೆಸರಿನಲ್ಲೇ ಇರುತ್ತದೆ. ಪಾಂಡಿಚೇರಿ, ಕಾರೈಕಲ್, ಮಾಹೆ, ಯಾನಂ ಎಂಬ ನಾಲ್ಕು ಫ್ರೆಂಚ್ ನೆಲೆಗಳು ಹೆಚ್ಚುಕಡಿಮೆ ಎಂಟು ವರ್ಷ ಇದೇ ಸ್ಥಿತಿಯಲ್ಲಿದ್ದವು. ಇವುಗಳಲ್ಲಿ ಮಾಹೆ ನಮಗೆ ತೀರ ದೂರದ್ದೇನಲ್ಲ. ಮಂಗಳೂರಿನಿಂದ ರೈಲಿನಲ್ಲಿ ಕೋಳಿಕ್ಕೋಡಿನ ಕಡೆ ಹೊರಟರೆ ಕಣ್ಣೂರು, ತಲಶ್ಶೇರಿ ದಾಟಿದ ಮೇಲೆ ಸಿಗುತ್ತದೆ. ಕೇವಲ ಒಂಬತ್ತು ಚದರ ಕಿಲೋಮೀಟರಿನ ಊರು. ಇಷ್ಟು ಚಿಕ್ಕ ಊರು ಇಂದಿಗೂ ಕೇರಳಕ್ಕೆ ಸೇರಿಲ್ಲವೇಕೆ ಎಂಬುದಕ್ಕೂ ಉತ್ತರ ಆ ಎಂಟು ವರ್ಷಗಳ ಕಾಗದಪತ್ರಗಳಲ್ಲೇ ಇದೆ.

ಬ್ರಿಟಿಷರು ಹೊರಟಾಗ ಲಂಡನ್ನಿನ ಪಾರ್ಲಿಮೆಂಟು 1947ರಲ್ಲಿ ಭಾರತ ಸ್ವಾತಂತ್ರ್ಯ ಕಾಯಿದೆ ಎಂಬ ಒಂದೇ ಕಾನೂನು ಮಾಡಿ ಕೆಲಸ ಮುಗಿಸಿತು. ಫ್ರಾನ್ಸಿಗೆ ಅದು ಸಾಧ್ಯವಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಅದು ತನಗಾಗಿ ಬರೆದುಕೊಂಡ 1946ರ ಸಂವಿಧಾನದ 27ನೇ ವಿಧಿ ಒಂದು ಕಟ್ಟುಪಾಡು ಹಾಕಿತ್ತು. ಸಂಬಂಧಪಟ್ಟ ಜನರ ಒಪ್ಪಿಗೆಯಿಲ್ಲದೆ ಯಾವ ಪ್ರದೇಶವನ್ನೂ ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಡುವ ಒಪ್ಪಂದಕ್ಕೆ ಪಾರ್ಲಿಮೆಂಟಿನ ಸಮ್ಮತಿಯೂ ಬೇಕು. ವಸಾಹತುಗಳನ್ನು ಹಿಡಿಯುವಾಗ ಯಾರ ಒಪ್ಪಿಗೆಯನ್ನೂ ಕೇಳದ ದೇಶ ಬಿಡುವಾಗ ಮಾತ್ರ ಒಪ್ಪಿಗೆ ಬೇಕೆಂದಿತಲ್ಲ ಎಂದು ನಗು ಬರಬಹುದು. ಆದರೂ ಅದು ಒಳ್ಳೆಯ ನಿಯಮವೇ.

ಈ ನಿಯಮದ ಪ್ರಕಾರ ನೇರವಾಗಿ ನಡೆದದ್ದು ಬಂಗಾಳದ ಚಂದ್ರನಗರದಲ್ಲಿ ಮಾತ್ರ. 1949ರ ಜೂನ್‌ನಲ್ಲಿ ಅಲ್ಲಿ ಜನಮತ ಸಂಗ್ರಹಿಸಿದರು. ಭಾರತಕ್ಕೆ ಸೇರಬೇಕೆಂದವರು 7,473, ಬೇಡವೆಂದವರು 114. ಮರುವರ್ಷ ಆಡಳಿತ ಭಾರತದ ಕೈಗೆ ಬಂತು, 1951ರಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು, 1952ರಲ್ಲಿ ಅದು ಕಾನೂನುಬದ್ಧವಾಗಿ ಜಾರಿಗೆ ಬಂತು. ಊರು ಪಶ್ಚಿಮ ಬಂಗಾಳದಲ್ಲಿ ಕರಗಿಹೋಯಿತು.

ಉಳಿದ ನಾಲ್ಕು ಕಡೆ ವಿಷಯ ಎಳೆದಾಡಿತು. ಜನಮತಗಣನೆ ಎಂದು ಎರಡೂ ಸರ್ಕಾರಗಳು 1948ರಲ್ಲೇ ಒಪ್ಪಿದ್ದವು. ಆದರೆ ಮತದಾನ ಪ್ರಾಮಾಣಿಕವಾಗಿ ನಡೆಯುತ್ತದೆಂಬ ನಂಬಿಕೆ ಹೋಗಿ, 1952ರ ಹೊತ್ತಿಗೆ ಭಾರತ ಆ ದಾರಿಯನ್ನೇ ಕೈಬಿಟ್ಟಿತು. ಆಮೇಲೆ 1954 ಬಂತು. ಮೇ ತಿಂಗಳಲ್ಲಿ ವಿಯೆಟ್ನಾಮಿನ ದಿಯೆನ್ ಬಿಯೆನ್ ಫುನಲ್ಲಿ ಫ್ರೆಂಚ್ ಸೈನ್ಯ ಸೋತಿತು. ಜೂನ್‌ನಲ್ಲಿ ಯಾನಂ, ಜುಲೈ 16ರಂದು ಮಾಹೆ ಫ್ರೆಂಚರ ಕೈತಪ್ಪಿದವು. ಮಾಹೆಯ ಹೋರಾಟದ ಮುಂದಾಳು ಐ.ಕೆ. ಕುಮಾರನ್ ಅವರನ್ನು ಜನ 'ಮಾಸ್ಟರ್' ಎಂದೇ ಕರೆಯುತ್ತಿದ್ದರು ಎಂಬುದನ್ನು ಮೇಷ್ಟ್ರಾದ ನಾನು ಹೇಳದೆ ಮುಂದೆ ಹೋಗಲಾರೆ! ಪ್ಯಾರಿಸ್ಸಿನಲ್ಲಿ ಪ್ರಧಾನಿಯಾಗಿದ್ದ ಮೆಂದೆಸ್ ಫ್ರಾನ್ಸ್ ವಸಾಹತುಗಳ ವಿಷಯದಲ್ಲಿ ವಾಸ್ತವವಾದಿ. ಮಾತುಕತೆ ಬೇಗ ಕುದುರಿತು.

ಜನರ ಒಪ್ಪಿಗೆ ಪಡೆಯಲು ಹೊಸ ಉಪಾಯ ಹುಡುಕಿದರು. ಎಲ್ಲ ಮತದಾರರನ್ನು ಕೇಳುವ ಬದಲು ಅವರು ಈಗಾಗಲೇ ಆರಿಸಿದ್ದ ಪ್ರತಿನಿಧಿಗಳನ್ನು ಕೇಳುವುದು. 1954ರ ಅಕ್ಟೋಬರ್ 18ರಂದು ಪಾಂಡಿಚೇರಿ ಪ್ರದೇಶದ ಕೀಳೂರು ಎಂಬ ಹಳ್ಳಿಯಲ್ಲಿ ಪ್ರತಿನಿಧಿ ಸಭೆಯ ಸದಸ್ಯರು ಮತ್ತು ಪುರಸಭಾ ಸದಸ್ಯರು ಸೇರಿ ಒಟ್ಟು 178 ಮಂದಿ ಮತ ಹಾಕಿದರು. ಭಾರತದ ಪರ 170, ವಿರುದ್ಧ 8. ಇಷ್ಟು ಜನರ ಮತ ಲಕ್ಷಾಂತರ ಜನರ ಮತವಾಗುತ್ತದೆಯೇ? ಕಾನೂನಿನ ದೃಷ್ಟಿಯಿಂದ ಚಂದ್ರನಗರದ ಮತದಾನವೇ ಹೆಚ್ಚು ಶುದ್ಧವಾದದ್ದು ಎಂದು ನನ್ನ ಅಭಿಪ್ರಾಯ. ಆದರೆ ಕೀಳೂರಿನಲ್ಲಿ ಒಂದು ಹನಿ ರಕ್ತವೂ ಬೀಳದೆ ಕೆಲಸವಾಯಿತು ಎಂಬುದೂ ನಿಜ. ಮೂರೇ ದಿನದಲ್ಲಿ ದೆಹಲಿಯಲ್ಲಿ ಒಪ್ಪಂದವಾಗಿ, ನವೆಂಬರ್ 1ರಂದು ಆಡಳಿತ ಭಾರತದ ವಶವಾಯಿತು.

ಇದು ಸ್ವಾಧೀನ ಮಾತ್ರ, ಒಡೆತನವಲ್ಲ. ಒಡೆತನದ ಪತ್ರಕ್ಕೆ 1956ರ ಮೇ 28ರಂದು ದೆಹಲಿಯಲ್ಲಿ ಸಹಿಯಾಯಿತು. ಸಹಿ ಬಿದ್ದ ಮಾತ್ರಕ್ಕೆ ಒಪ್ಪಂದ ಜಾರಿಗೆ ಬರುವುದಿಲ್ಲ, ಫ್ರೆಂಚ್ ಪಾರ್ಲಿಮೆಂಟು ಅನುಮೋದಿಸಬೇಕು. ಅಲ್ಲಿ ಅದು ಆರು ವರ್ಷ ಮೂಲೆಗೆ ಬಿತ್ತು. ಕಾರಣ ಅಲ್ಜೀರಿಯಾ. ಅಲ್ಲಿ ಘೋರ ಯುದ್ಧ ನಡೆಯುತ್ತಿದ್ದಾಗ 'ಒಂದು ಪ್ರದೇಶ ಬಿಟ್ಟುಕೊಡೋಣ' ಎಂದು ಎದ್ದು ನಿಂತು ಹೇಳಲು ಪ್ಯಾರಿಸ್ಸಿನ ಯಾವ ಸರ್ಕಾರಕ್ಕೂ ಧೈರ್ಯವಿರಲಿಲ್ಲ. 1962ರ ಜುಲೈನಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು. ಅದೇ ಬೇಸಿಗೆಯಲ್ಲಿ ನಮ್ಮ ಒಪ್ಪಂದಕ್ಕೂ ಅನುಮೋದನೆ ಸಿಕ್ಕಿತು. ಆಗಸ್ಟ್ 16ರಂದು ಅನುಮೋದನೆಯ ಪತ್ರಗಳ ವಿನಿಮಯವಾಯಿತು. ಸಂವಿಧಾನದ 14ನೇ ತಿದ್ದುಪಡಿ ಪಾಂಡಿಚೇರಿಯನ್ನು ಅಂದಿನಿಂದ ಅನ್ವಯವಾಗುವಂತೆ ಕೇಂದ್ರಾಡಳಿತ ಪ್ರದೇಶಗಳ ಪಟ್ಟಿಗೆ ಸೇರಿಸಿತು.

ಈ ನಡುವಿನ ವರ್ಷಗಳಲ್ಲಿ ಏನಾಗುತ್ತಿತ್ತು? ಮಂಜುಗಡ್ಡೆ ಕರಗುವಾಗ ನಾವು ಶಾಖ ಕೊಡುತ್ತಲೇ ಇದ್ದರೂ ಥರ್ಮಾಮೀಟರಿನ ಪಾದರಸ ಸೊನ್ನೆಯಿಂದ ಅಲುಗಾಡುವುದಿಲ್ಲವಲ್ಲ, ಹಾಗೆ. ಹೊರಗೆ ಕಾಣುವ ಗುರುತು ಒಂದು, ಒಳಗೆ ನಡೆಯುವುದು ಇನ್ನೊಂದು. ಇದರಿಂದ ಜನಸಾಮಾನ್ಯರಿಗೆ ಆದ ತೊಂದರೆ ತಿಳಿಯಬೇಕಾದರೆ ಮಸ್ತಾನ್ ಸಾಹೇಬ್ ಪ್ರಕರಣವನ್ನು ನೋಡಬೇಕು. ವಿವಾದ ಬಸ್ ಪರ್ಮಿಟ್ಟಿನದು. ಪಾಂಡಿಚೇರಿಯ ಅಧಿಕಾರಿಗಳ ತೀರ್ಮಾನವನ್ನು ಪ್ರಶ್ನಿಸಿ ಅವರು ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು ಮೊದಲು ಕೇಂದ್ರ ಸರ್ಕಾರವನ್ನೇ ಕೇಳಿತು: ಪಾಂಡಿಚೇರಿ ಭಾರತದ ಭಾಗವೇ? ಅಲ್ಲ, ವಿದೇಶಿ ಅಧಿಕಾರ ವ್ಯಾಪ್ತಿ ಕಾಯಿದೆಯ ಅಡಿಯಲ್ಲಿ ನಾವು ಆಡಳಿತ ನಡೆಸುತ್ತಿದ್ದೇವೆ, ಅಷ್ಟೆ ಎಂಬ ಉತ್ತರ ಬಂತು. 1961ರ ಕೊನೆಯಲ್ಲಿ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಊರಿನಲ್ಲಿ ತ್ರಿವರ್ಣ ಧ್ವಜ ಹಾರಿ ಏಳು ವರ್ಷವಾಗಿತ್ತು, ಆದರೆ ಭಾರತದ ಸರ್ವೋಚ್ಚ ನ್ಯಾಯಾಲಯದ ಕೈ ಅಲ್ಲಿಯ ಪರ್ಮಿಟ್ ಆದೇಶದವರೆಗೆ ಚಾಚಲಿಲ್ಲ.

ಇನ್ನು ಪೌರತ್ವ. ಒಪ್ಪಂದದ ಅತಿ ಸೂಕ್ಷ್ಮವಾದ ಭಾಗ ಇದೇ ಎಂದು ನನಗೆ ಅನ್ನಿಸುತ್ತದೆ. ಈ ನೆಲೆಗಳಲ್ಲಿ ಹುಟ್ಟಿ ಅಲ್ಲೇ ವಾಸಿಸುತ್ತಿದ್ದ ಫ್ರೆಂಚ್ ಪ್ರಜೆಗಳು 1962ರ ಆಗಸ್ಟ್ 16ರಂದು ತಾವಾಗಿ ಭಾರತೀಯರಾದರು. ಬೇಡವೆನ್ನುವವರು ಆರು ತಿಂಗಳೊಳಗೆ ಲಿಖಿತ ಹೇಳಿಕೆ ಕೊಟ್ಟು ಫ್ರೆಂಚ್ ಪೌರತ್ವ ಉಳಿಸಿಕೊಳ್ಳಬಹುದಿತ್ತು. ಅಂದರೆ 1963ರ ಫೆಬ್ರುವರಿ ಮಧ್ಯದವರೆಗೆ ಗಡುವು. ಆದರೆ ಭಾರತದಲ್ಲೂ ಇಲ್ಲದೆ ಈ ನೆಲೆಗಳಲ್ಲೂ ಇಲ್ಲದೆ ಹೊರದೇಶದಲ್ಲಿ ನೆಲೆಸಿದ್ದವರಿಗೆ ನಿಯಮ ತಿರುವುಮುರುವು. ಅವರು ಏನೂ ಮಾಡದಿದ್ದರೆ ಫ್ರೆಂಚರಾಗಿಯೇ ಉಳಿಯುತ್ತಿದ್ದರು. ಇಬ್ಬರು ಅಣ್ಣತಮ್ಮಂದಿರಲ್ಲಿ ಅಣ್ಣ ಸೈಗಾನಿನಲ್ಲಿ ನೆಲೆಸಿದ್ದು, ತಮ್ಮ ಕಾರೈಕಲ್‌ನಲ್ಲಿ ಇದ್ದನೆನ್ನಿ. ಇಬ್ಬರೂ ಸುಮ್ಮನೆ ಕುಳಿತರೆ ಅಣ್ಣ ಫ್ರೆಂಚ್, ತಮ್ಮ ಭಾರತೀಯ. ಒಂದೇ ತಾಯಿಯ ಮಕ್ಕಳು!

ಆ ಕಾಲದಲ್ಲಿ ಇದು ಬರೀ ಊಹೆಯ ಲೆಕ್ಕವಾಗಿರಲಿಲ್ಲ. ಪಾಂಡಿಚೇರಿಯ ಅನೇಕರು ಫ್ರೆಂಚ್ ಸೈನ್ಯದಲ್ಲೂ ಇಂಡೋಚೈನಾದ ಕಚೇರಿಗಳಲ್ಲೂ ದುಡಿದವರು. 1881ರ ಒಂದು ಆಜ್ಞೆಯ ಪ್ರಕಾರ ತಮ್ಮ ಜಾತಿ-ಮತದ ವೈಯಕ್ತಿಕ ಕಾನೂನನ್ನು ತ್ಯಜಿಸಿ ಫ್ರೆಂಚ್ ಸಿವಿಲ್ ಸಂಹಿತೆಗೆ ಒಳಪಟ್ಟ 'ರೆನೊನ್ಸಾಂ' ಎಂಬ ಕುಟುಂಬಗಳೂ ಇದ್ದವು. ಪಿಂಚಣಿ, ಮಕ್ಕಳ ಓದು, ಊರಿನ ನಂಟು ಎಲ್ಲವನ್ನೂ ತೂಗಿ ನೋಡಿ ಆರು ತಿಂಗಳಲ್ಲಿ ತೀರ್ಮಾನಿಸಬೇಕಿತ್ತು. ತಂದೆ ಬರೆದುಕೊಟ್ಟ ಹೇಳಿಕೆ ಮನೆಯ ಅಪ್ರಾಪ್ತ ಮಕ್ಕಳ ಪೌರತ್ವವನ್ನೂ ನಿರ್ಧರಿಸುತ್ತಿತ್ತು. ಮಗ ಯಾವ ಕಾಲೇಜು ಸೇರಬೇಕೆಂದು ನಿರ್ಧರಿಸಲು ನಮ್ಮ ಪೋಷಕರು ಬೇಸಿಗೆ ರಜೆಯಿಡೀ ಚಿಂತಿಸುತ್ತಾರೆ. ಅಲ್ಲಿ ಮಗ ಯಾವ ದೇಶದವನೆಂದು ನಿರ್ಧರಿಸಬೇಕಿತ್ತು. ಬಹುಪಾಲು ಜನ ಭಾರತೀಯರಾದರು, ಕೆಲವು ಸಾವಿರ ಮಂದಿ ಫ್ರೆಂಚರಾಗಿ ಉಳಿದರು.

ಒಪ್ಪಂದ ಇನ್ನೊಂದು ಮಾತು ಕೊಟ್ಟಿತ್ತು. ಈ ನೆಲೆಗಳಿಗಿದ್ದ ವಿಶೇಷ ಆಡಳಿತ ಸ್ಥಾನ ಮುಂದುವರಿಯುತ್ತದೆ, ಜನರ ಇಚ್ಛೆ ತಿಳಿಯದೆ ಬದಲಿಸುವುದಿಲ್ಲ ಎಂದು. ಕೇರಳದ ನಡುವೆ ಮಾಹೆ, ಆಂಧ್ರದ ನಡುವೆ ಯಾನಂ ಇಂದಿಗೂ ಪುದುಚೇರಿಯ ಭಾಗವಾಗಿರುವುದು ಇದರಿಂದ. 1979ರಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿ ಇವನ್ನು ನೆರೆ ರಾಜ್ಯಗಳಲ್ಲಿ ವಿಲೀನಗೊಳಿಸುವ ಮಾತೆತ್ತಿದಾಗ ಪಾಂಡಿಚೇರಿ ಹೊತ್ತಿ ಉರಿಯಿತು, ಮಾತು ಅಲ್ಲಿಗೇ ನಿಂತಿತು.

ನಮ್ಮ ನೆರೆಯ ಗೋವಾಕ್ಕೆ ಇಂಥ ಕಾಗದದ ದಾರಿ ಸಿಗಲಿಲ್ಲ. ಗೋವಾ ವಸಾಹತೇ ಅಲ್ಲ, ತನ್ನದೇ ಸಾಗರೋತ್ತರ ಪ್ರಾಂತ್ಯ ಎಂದು 1951ರಲ್ಲಿ ಪೋರ್ಚುಗಲ್ ತನ್ನ ಸಂವಿಧಾನದಲ್ಲಿ ಬರೆದುಕೊಂಡು ಕುಳಿತಿತು. 1961ರ ಡಿಸೆಂಬರ್‌ನಲ್ಲಿ ಭಾರತದ ಸೈನ್ಯ ಹೋಗಬೇಕಾಯಿತು. ಪೋರ್ಚುಗಲ್ ಅದನ್ನು ಒಪ್ಪಿ ಒಪ್ಪಂದಕ್ಕೆ ಸಹಿ ಹಾಕಿದ್ದು 1974ರ ಡಿಸೆಂಬರ್ 31ರಂದು, ಲಿಸ್ಬನ್ನಿನ ಸರ್ವಾಧಿಕಾರ ಬಿದ್ದ ಮೇಲೆ.

ಪುದುಚೇರಿ ಬಹುಕಾಲ ಆಗಸ್ಟ್ 16ಕ್ಕೆ ಪ್ರಾಮುಖ್ಯ ಕೊಟ್ಟಿತ್ತು. 2014ರಿಂದ ನವೆಂಬರ್ 1ನ್ನು ವಿಮೋಚನಾ ದಿನವಾಗಿ ಆಚರಿಸುತ್ತಿದೆ. ಅಲ್ಲಿ ಉಳಿದಿರುವ ಫ್ರೆಂಚ್ ಪ್ರಜೆಗಳು, ಎಂದರೆ ಆ ಆರು ತಿಂಗಳಲ್ಲಿ ಹೇಳಿಕೆ ಬರೆದುಕೊಟ್ಟ ಕುಟುಂಬಗಳವರು ಮತ್ತು ಇತರರು, ಫ್ರಾನ್ಸಿನ ಅಧ್ಯಕ್ಷರನ್ನು ಆರಿಸುವ ಚುನಾವಣೆ ಬಂದಾಗ ಪುದುಚೇರಿಯಲ್ಲೇ ಸರದಿಯಲ್ಲಿ ನಿಂತು ಮತ ಹಾಕುತ್ತಾರೆ.